ಫೆಲಿಕ್ಸ್ ಬರೆಸಿದ ಏಳು ನಂಬರುಗಳು

"ನಲವತ್ತು ಜ್ಞಾನಸ್ನಾನದ ಹಾಡು ಕಣ್ರೀ," ಎಂದು ಪಾಸ್ಟರ್ ಗೀತಪುಸ್ತಕವನ್ನು ಗ್ಲೋರಿಯಾಳತ್ತ ತಿರುಗಿಸಿ ಹಿಡಿದರು. "ಮಗೂಗೆ ನೀರು ಹಾಕುವಾಗ ಹಾಡೋದು. ಇವತ್ತು ಹೇಗೆ ಹಾಡೋದು?"

"ಸಾವು ಅಂದ್ರೆ ಇನ್ನೊಂದು ಜ್ಞಾನಸ್ನಾನ ಅಲ್ಲವಾ ಪಾಸ್ಟರ್? ಅಪ್ಪ ಸುಮ್ಮನೆ ಹೇಳ್ಲಿಕ್ಕಿಲ್ಲ."

"ಅರವತ್ತಮೂರು ಮದುವೆ ಹಾಡು."

"ಸಭೆ ಅಂದ್ರೆ ಕ್ರಿಸ್ತನ ಮದುಮಗಳು ಅಂತ ಹೋದ ತಿಂಗಳು ನೀವೇ ಪ್ರಸಂಗ ಮಾಡಿದ್ದು."

ಪಾಸ್ಟರ್ ಹಾಳೆ ಮಗುಚಿದರು. ಎಂಟನೆಯದು ಕ್ರಿಸ್ಮಸ್ಸಿನದು. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಧೈರ್ಯವಾಗಲಿಲ್ಲ. ಹೇಳಿದ್ದರೂ ಗ್ಲೋರಿಯಾಳ ಹತ್ತಿರ ಉತ್ತರ ಇರುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಅವಳು. ಮೂವತ್ತೊಂಬತ್ತು ವರ್ಷದಿಂದ ಸಿಯಾಟಲ್ ಸೀಮೆಯಲ್ಲಿದ್ದರೂ ಆ ಮೊಲಕ್ಕೆ ನಾಲ್ಕನೆಯ ಕಾಲು ಬಂದಿರಲಿಲ್ಲ.

"ಅಪ್ಪ ಜೀವಮಾನದಲ್ಲಿ ನನ್ನ ಹತ್ತಿರ ಏನೂ ಕೇಳಿದವರಲ್ಲ," ಎಂದಳು ಗ್ಲೋರಿಯಾ. ಅವಳ ದನಿ ಈಗ ಸ್ವಲ್ಪ ಇಳಿದಿತ್ತು. "ಕೇಳಿದ್ದು ಇದೊಂದೇ. ಏಳು ನಂಬರು, ಇದೇ ಕ್ರಮದಲ್ಲಿ. ಕ್ರಮ ತಪ್ಪಬಾರದು ಅಂತ ಎರಡು ಸಲ ಹೇಳಿದ್ದಾರೆ. ಅದನ್ನು ಸರಿಯಾಗಿ ಮಾಡದಿದ್ರೆ ನಾನು ಎಂತ ಮಗಳು?"

ಔಷಧಿ ಅಂಗಡಿಯ ಚೀಟಿಯ ಹಿಂದೆ ಅವಳದೇ ಅಕ್ಷರದಲ್ಲಿ ಆ ನಂಬರುಗಳಿದ್ದವು: ಹನ್ನೆರಡು, ನಲವತ್ತು, ಇಪ್ಪತ್ತೇಳು, ಅರವತ್ತಮೂರು, ಎಂಟು, ಐವತ್ತೈದು, ಮೂವತ್ತೊಂದು.

ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ಆ ಚರ್ಚಿನಲ್ಲಿ ತಿಂಗಳ ಎರಡನೇ ಭಾನುವಾರ, ಕೊರಿಯನ್ನರ ಆರಾಧನೆ ಮುಗಿದ ಮೇಲೆ, ಕನ್ನಡ ಸಭೆ ಸೇರುತ್ತಿತ್ತು. ಇವತ್ತು ಅಕ್ಟೋಬರಿನ ಒಂದು ಶನಿವಾರ. ಒಳಗಿನ ದೊಡ್ಡ ಹಾಲಿನಲ್ಲಿ ತೊಂಬತ್ತಾರು ವರ್ಷದ ಫೆಲಿಕ್ಸ್ ಪೆಟ್ಟಿಗೆಯಲ್ಲಿ ಮಲಗಿದ್ದ. ಮಂಗಳವಾರ ಬೆಳಿಗ್ಗೆ ಕರ್ಕ್‌ಲ್ಯಾಂಡಿನ ಮಗಳ ಮನೆಯಲ್ಲಿ, ಗಂಜಿ ಕುಡಿದು ಬಟ್ಟಲು ಕೆಳಗಿಟ್ಟು, ಯಾರಿಗೂ ತೊಂದರೆ ಕೊಡದೆ ಹೋಗಿದ್ದ. ಅವನ ಹೆಂಡತಿ ರೋಸಿ, ಎಂಬತ್ತೊಂಬತ್ತರ ಮುದುಕಿ, ಪಕ್ಕದ ಈ ಕೋಣೆಯ ಮೂಲೆಯಲ್ಲಿ ವ್ಯಾನಿಟಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಿವಿಯ ಯಂತ್ರಗಳ ದಯೆಯಿಂದ ಮಗಳ ಮಾತನ್ನೂ ಪಾಸ್ಟರ ಮಾತನ್ನೂ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.

ಆ ನಂಬರುಗಳಿಗೂ ಗೀತಪುಸ್ತಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವು ಒಂದು ಡಾನ್ಸ್ ಬ್ಯಾಂಡಿನ ನಂಬರುಗಳು. ಈ ಭೂಮಿಯ ಮೇಲೆ ಅದನ್ನು ತಿಳಿದವಳು ರೋಸಿ ಒಬ್ಬಳೇ, ಮತ್ತು ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

* * *

ಹತ್ತು ದಿನದ ಹಿಂದಿನ ಮಾತು. ಗ್ಲೋರಿಯಾ ಅಪ್ಪನ ಹಾಸಿಗೆಯ ಅಂಚಿನಲ್ಲಿ ಕೂತು ಮಾತ್ರೆ ವಿಂಗಡಿಸುತ್ತಿದ್ದಳು. ರೋಸಿ ಕಿಟಕಿಯ ಬಳಿ ಕಿತ್ತಳೆ ಸುಲಿಯುತ್ತಿದ್ದಳು.

"ಮಗಾ, ಪೆನ್ ಉಂಟಾ?" ಎಂದ ಫೆಲಿಕ್ಸ್. "ನನ್ನನ್ನು ಕಳಿಸುವ ದಿನಕ್ಕೆ ನಂಬರು ಹೇಳ್ತೇನೆ. ಬರ್ಕೋ."

"ಅದೆಲ್ಲ ಈಗ ಯಾಕಪ್ಪ?"

"ಬರ್ಕೋ. ಹನ್ನೆರಡು."

ಕರಾವಳಿಯ ಮಿಷನ್ ಮನೆಗಳಲ್ಲಿ ಹುಟ್ಟಿದವರಿಗೆ ನಂಬರು ಎಂದರೆ ಗೀತಪುಸ್ತಕದ ನಂಬರೇ. ಚರ್ಚಿನ ಗೋಡೆಯ ಹಲಗೆಯಲ್ಲಿ ನಂಬರು ತೂಗುತ್ತದೆ, ತಡವಾಗಿ ಬಂದವರು ಪಕ್ಕದವರನ್ನು ಕೇಳುವ ಮೊದಲ ಮಾತು "ಎಷ್ಟನೇ ನಂಬರು?" ಹೀಗಿರುವಾಗ ಗ್ಲೋರಿಯಾಳದೇನೂ ತಪ್ಪಿಲ್ಲ. ಅವಳು ಮಾತ್ರೆ ಬದಿಗಿಟ್ಟು ಬರೆದುಕೊಂಡಳು.

ಮೊದಲ ಎರಡು ನಂಬರು ಕೇಳಿದಾಗ ರೋಸಿಗೂ ಏನೂ ಅನ್ನಿಸಲಿಲ್ಲ. ಇಪ್ಪತ್ತೇಳು ಎಂದಾಗ ಅವಳ ಕೈ ನಿಂತಿತು. ಅರವತ್ತಮೂರು ಎನ್ನುವಷ್ಟರಲ್ಲಿ ಅವು ಯಾವ ನಂಬರುಗಳೆಂದು ಅವಳಿಗೆ ಗೊತ್ತಾಗಿತ್ತು. ಎಲ್ಲ ಹೇಳಿ ಮುಗಿಸಿ ಫೆಲಿಕ್ಸ್ ದಿಂಬಿನ ಮೇಲೆ ತಲೆ ಹೊರಳಿಸಿ ಅವಳನ್ನು ನೋಡಿದ. ಅದರಲ್ಲಿ ದೂರು ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಹೇಳುವುದಾದರೆ ಹೇಳು, ಇಲ್ಲದಿದ್ದರೆ ಬೇಡ ಎನ್ನುವ ನೋಟ.

ರೋಸಿ ಕಿತ್ತಳೆಯ ಒಂದು ತೊಳೆ ಬಿಡಿಸಿ ಅವನ ಬಾಯಿಗಿಟ್ಟಳು. ಅಷ್ಟೇ ಮಾಡಿದಳು.

* * *

ಹನ್ನೊಂದು ಗಂಟೆಯ ಹೊತ್ತಿಗೆ ಅರವತ್ತು ಜನ ಸೇರಿದ್ದರು. ಚರ್ಚಿನವರು ಅರ್ಧ, ಕನ್ನಡ ಸಂಘದವರು ಅರ್ಧ. ಇಸ್ಸಾಕ್ವಾದಿಂದ ಕಮಲಾಕ್ಷಿ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಹೊತ್ತು ತಂದಿದ್ದಳು. ಗ್ಲೋರಿಯಾಳ ಗೆಳತಿ ಅವಳು, ಮೂವತ್ತು ವರ್ಷದಿಂದ. ಪಾತ್ರೆಯನ್ನು ಅಡುಗೆಕೋಣೆಯಲ್ಲಿಳಿಸಿ ಬಂದು ರೋಸಿಯ ಪಕ್ಕ ಕೂತು ಕೈ ಹಿಡಿದುಕೊಂಡಳು.

"ತುಂಬಾ ಸಾಧು ಮನುಷ್ಯ ಅಜ್ಜಿ. ಯಾರ ತಂಟೆಗೂ ಹೋದವರಲ್ಲ."

ಬೆಳಿಗ್ಗೆಯಿಂದ ರೋಸಿ ಈ ಮಾತನ್ನು ಒಂಬತ್ತನೆಯ ಸಲ ಕೇಳುತ್ತಿದ್ದಳು. ಹಂಚಿನ ಕಾರ್ಖಾನೆಯ ಗೇಟಿನಲ್ಲಿ ಮೂವತ್ತೈದು ವರ್ಷ ಹಾಜರಿ ಗುಮಾಸ್ತನಾಗಿದ್ದು, ಆಮೇಲೆ ಮಗಳ ಮನೆಗೆ ಬಂದು ಇಪ್ಪತ್ತೇಳು ವರ್ಷ ಇದ್ದವನ ಬಗ್ಗೆ ಜನ ಇನ್ನೇನು ತಾನೇ ಹೇಳಿಯಾರು? ಸಾಧು. ತಂಟೆ ಇಲ್ಲದವರು. ದಿನಾ ಸರೋವರದ ದಂಡೆಯಲ್ಲಿ ವಾಕಿಂಗ್ ಹೋಗುತ್ತಿದ್ದರು.

"ಒಂದು ವಿಚಿತ್ರ ಇತ್ತು ಮಾವನಲ್ಲಿ," ಎಂದ ಗ್ಲೋರಿಯಾಳ ಗಂಡ ಪ್ರತಾಪ್. ವಿಮಾನದ ಕಂಪನಿಯಲ್ಲಿ ಇಂಜಿನಿಯರನಾಗಿದ್ದು ನಿವೃತ್ತನಾದವನು; ವಿಚಿತ್ರಗಳಿಗೆ ಕಾರಣ ಹುಡುಕುವುದು ಅವನ ಹವ್ಯಾಸ. "ಗೇಟಲ್ಲಿ ಕೂತವರು ತಲೆ ಎತ್ತುತ್ತಲೇ ಇರ್ಲಿಲ್ಲವಂತೆ. ನಾನೂರು ಜನ ಕೆಲಸಗಾರರು. ಹೆಜ್ಜೆ ಕೇಳಿಯೇ ಹಾಜರಿ ಹಾಕ್ತಿದ್ರಂತೆ. ಒಂದು ದಿನವೂ ತಪ್ಪಲಿಲ್ಲವಂತೆ."

"ಅದಕ್ಕೇ ನೆನಪಾಯ್ತು ನೋಡಿ," ಎಂದಳು ಕಮಲಾಕ್ಷಿ. "ಎರಡು ಸಾವಿರದ ಎರಡನೇ ಇಸವಿ ಯುಗಾದಿ ಫಂಕ್ಷನ್ನು. ಮಕ್ಕಳ ಗ್ರೂಪ್ ಡಾನ್ಸು, ನಾನೇ ಕಲಿಸಿದ್ದೆ. ಅರ್ಧಕ್ಕೇ ಸಿಡಿ ನಿಂತೋಯ್ತು. ಹದಿನಾಲ್ಕು ಮಕ್ಕಳು ಸ್ಟೇಜ್ ಮೇಲೆ ಕಂಬ ನಿಂತ ಹಾಗೆ ನಿಂತ್ಕೊಂಡ್ವು, ಒಂದು ಅಳೋಕೆ ಶುರು ಮಾಡ್ತು. ನನಗೆ ಕೈಕಾಲೇ ಆಡ್ಲಿಲ್ಲ. ಮುಂದಿನ ಸಾಲಲ್ಲಿ ಈ ಅಜ್ಜ ಕೂತಿದ್ರಲ್ಲ, ಸುಮ್ಮನೆ ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರು. ಹದಿನಾಲ್ಕೂ ಮಕ್ಕಳು ಪೂರ್ತಿ ಡಾನ್ಸ್ ಮಾಡಿ ನಮಸ್ಕಾರ ಹಾಕಿ ಇಳಿದ್ವು. ಅಳ್ತಿದ್ದಿದ್ದೂ ಕೂಡ. ಆ ಚಪ್ಪಾಳೆಯಲ್ಲಿ ಅದೇನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ."

"ಕಾಕತಾಳೀಯ," ಎಂದ ಪ್ರತಾಪ್.

ಅಂದು ಚಪ್ಪಾಳೆ ಮುಗಿದ ಮೇಲೆ ಫೆಲಿಕ್ಸ್ ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತದ್ದು ರೋಸಿಗೆ ನೆನಪಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಹೆಂಡತಿಯ ಮುಖ ನೋಡಿದ್ದ.

* * *

ಸಾವಿರದ ಒಂಬೈನೂರ ನಲವತ್ತನಾಲ್ಕು, ಬೆಂಗಳೂರಿನ ದಂಡು ಪ್ರದೇಶ. ಬರ್ಮಾ ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳು ಆಸ್ಪತ್ರೆಗಳ ವರಾಂಡದವರೆಗೂ ತುಂಬಿದ್ದರು. ರೋಸಿಗೆ ಇಪ್ಪತ್ತು ವರ್ಷ. ಕರಾವಳಿಯಿಂದ ನರ್ಸ್ ಕೆಲಸಕ್ಕೆ ಬಂದವಳು. ಅವಳ ಅಪ್ಪ ಊರಿನ ಸಭೆಯಲ್ಲಿ ಉಪದೇಶಿ. ಡಾನ್ಸ್ ಹಾಲು ಎಂದರೆ ಸೈತಾನನ ಜಗಲಿ ಎಂದು ಕಲಿಸಿ ಕಳಿಸಿದ್ದರು.

ಶನಿವಾರ ಸಂಜೆ ನಾಲ್ಕಕ್ಕೆ ಆ ಜಗಲಿಗೇ ಅವಳ ಡ್ಯೂಟಿ ಬಿತ್ತು. ಎದ್ದು ಕೂರಬಲ್ಲ ರೋಗಿಗಳನ್ನು ಲಾರಿಯಲ್ಲಿ ಹಾಲಿಗೆ ಕರೆದೊಯ್ಯುವುದು, ಚಹಾ ಕುಡಿಸಿ ಬ್ಯಾಂಡು ಕೇಳಿಸಿ ಆರು ಗಂಟೆಯೊಳಗೆ ವಾರ್ಡಿಗೆ ಮರಳಿಸುವುದು. ಬ್ಯಾಂಡಿನಲ್ಲಿ ಹನ್ನೊಂದು ಜನ: ಗೋವೆಯವರು, ಆಂಗ್ಲೋ ಇಂಡಿಯನ್ನರು, ಚಿನ್ನದ ಗಣಿಯ ಕಡೆಯ ಇಬ್ಬರು ತಮಿಳರು. ಅವರ ಲೀಡರ್ ಇಪ್ಪತ್ತೇಳು ವರ್ಷದ ಫೆಲಿಕ್ಸ್. ಬಿಳಿ ಕೋಟು, ಎಡಗೈಯಲ್ಲಿ ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ. ಅದನ್ನು ಅವನು ಕಲಿತದ್ದು ಊರ ಮಿಷನ್ನಿನ ಜರ್ಮನ್ ಪಾದ್ರಿಯ ಹತ್ತಿರ, ಕೀರ್ತನೆ ನುಡಿಸಲೆಂದು. ಹದಿನೆಂಟನೇ ವಯಸ್ಸಿಗೆ ತುತ್ತೂರಿಯ ಜೊತೆ ಓಡಿಹೋದ. ಸಭೆಯವರು ಅವನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದ್ದರು.

ಲೀಡರ್ ಎಂದರೆ ಬ್ಯಾಂಡಿನ ಕಡೆ ತಿರುಗಿ ಕೋಲಾಡಿಸುವವನು ಎಂದು ರೋಸಿ ತಿಳಿದಿದ್ದಳು. ಇವನು ಬ್ಯಾಂಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಹೆಗಲ ಮೇಲಿನಿಂದ ಮೆಲ್ಲಗೆ ಒಂದು ನಂಬರು ಹೇಳುತ್ತಿದ್ದ. "ಹನ್ನೆರಡು." ಹಿಂದೆ ಹಾಳೆಗಳು ಸರಸರ ತಿರುಗುತ್ತಿದ್ದವು. ಆಮೇಲೆ ಅವನ ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ. ಅವನು ಕಾಲುಗಳನ್ನು ನೋಡುತ್ತಿದ್ದ.

ಹತ್ತೊಂಬತ್ತನೇ ಹಾಸಿಗೆಯ ಸಿಪಾಯಿ ಎರಡು ತಿಂಗಳಿಂದ ಮಾತಾಡಿರಲಿಲ್ಲ. ಗುಂಡು ತೆಗೆದ ಮೇಲೆ ಅವನ ಒಂದು ಕಾಲು ಮೂರು ಬೆರಳು ಗಿಡ್ಡವಾಗಿತ್ತು. ಎರಡನೇ ಶನಿವಾರ ಹನ್ನೆರಡನೇ ನಂಬರು ನಡೆಯುತ್ತಿದ್ದಾಗ ಅವನು ಬೆಂಚಿನಿಂದ ಎದ್ದ. ಕುಣಿಯಲಿಕ್ಕಲ್ಲ, ಆಚೆ ಕಿಟಕಿಗೆ ಹೋಗಲಿಕ್ಕೆ. ಒಂದು ಉದ್ದ ಹೆಜ್ಜೆ, ಒಂದು ಗಿಡ್ಡ ಹೆಜ್ಜೆ. ಕುಣಿಯುತ್ತಿದ್ದ ನಲವತ್ತು ಜೋಡಿಗಳ ನಡುವೆ ಅವನೊಬ್ಬ ಅಪಸ್ವರದಂತೆ ಹೊರಟ.

ಫೆಲಿಕ್ಸ್ ತಲೆ ಒಂದಿಷ್ಟು ವಾಲಿಸಿದ. ಡ್ರಮ್ಮಿನವನಿಗೆ ಬೆನ್ನ ಹಿಂದೆ ಬೆರಳಲ್ಲಿ ಏನೋ ತೋರಿಸಿದ. ಹಾಡು ಒಂದು ಅಕ್ಕಿ ಕಾಳಿನಷ್ಟು ನಿಧಾನವಾಯಿತು. ಮೊದಲ ಪೆಟ್ಟು ಕೊಂಚ ಉದ್ದವಾಯಿತು, ಎರಡನೆಯದು ಕೊಂಚ ಗಿಡ್ಡವಾಯಿತು. ಯಾರಿಗೂ ಗೊತ್ತಾಗಲಿಲ್ಲ. ಎಂಟು ಹೆಜ್ಜೆಯಾಗುವಷ್ಟರಲ್ಲಿ ಸಿಪಾಯಿಯ ಉದ್ದ ಹೆಜ್ಜೆ ಉದ್ದ ಪೆಟ್ಟಿನ ಮೇಲೂ ಗಿಡ್ಡ ಹೆಜ್ಜೆ ಗಿಡ್ಡ ಪೆಟ್ಟಿನ ಮೇಲೂ ಬೀಳತೊಡಗಿತು. ಅವನು ನಿಂತ. ತನ್ನ ಕಾಲನ್ನು ತಾನೇ ನೋಡಿಕೊಂಡ. ಮತ್ತೆ ನಡೆದ. ಇಡೀ ಹಾಲು ಅವನ ಕುಂಟಿನಲ್ಲಿ ಕುಣಿಯುತ್ತಿತ್ತು. ಕರ್ನಲ್ಲು, ಕರ್ನಲ್ಲನ ಹೆಂಡತಿ, ಎಲ್ಲರೂ ಕುಂಟುತ್ತಿದ್ದರು, ಹಾಡು ಇರುವುದೇ ಹಾಗೆ ಎಂದುಕೊಂಡಿದ್ದರು. ಕಿಟಕಿಯವರೆಗೆ ಹೋದ ಸಿಪಾಯಿ ವಾಪಸು ಬಂದು ರೋಸಿಯ ಮುಂದೆ ನಿಂತು, "ಸಿಸ್ಟರ್, ಇನ್ನೊಂದು ಸುತ್ತು ಹೋಗಲಾ?" ಎಂದು ಕೇಳಿದ.

ಹುಟ್ಟಿದಾರಭ್ಯ ರೋಸಿ ಪವಾಡಗಳ ಕತೆ ಕೇಳುತ್ತ ಬೆಳೆದವಳು. ಕುಂಟ ಎದ್ದು ನಡೆದದ್ದು ಅವಳಿಗೆ ಬಾಯಿಪಾಠ. ಆದರೆ ಕುಂಟನಿಗಾಗಿ ಜಗತ್ತೇ ನಡಿಗೆ ಬದಲಿಸಿಕೊಂಡದ್ದನ್ನು ಅವಳು ಕೇಳಿರಲೂ ಇಲ್ಲ, ಕಂಡಿರಲೂ ಇಲ್ಲ. ಅದನ್ನು ಮಾಡಿದವನು ಅತ್ತ ಏನೂ ಆಗದವನಂತೆ ಮುಂದಿನ ನಂಬರು ಹೇಳುತ್ತಿದ್ದ. ಆ ಮನುಷ್ಯನನ್ನೇ ಮದುವೆಯಾಗಬೇಕೆಂದು ಅವಳು ಅಲ್ಲೇ ನಿಶ್ಚಯಿಸಿದಳು.

* * *

ಆರಾಧನೆ ಶುರುವಾಯಿತು. ಗ್ಲೋರಿಯಾಳ ಮಗಳು ಅಪೂರ್ವಾ ಕೀಬೋರ್ಡಿನ ಮುಂದೆ ಕೂತಿದ್ದಳು. ಮೂವತ್ತರ ಹೆಣ್ಣು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಹನ್ನೆರಡನೆಯದಾದ ಸುಗ್ಗಿಯ ಹಾಡನ್ನು ಜನ ಹೇಗೋ ಹಾಡಿದರು. ಜ್ಞಾನಸ್ನಾನದ ಹಾಡಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯದು ಇಪ್ಪತ್ತೇಳು. ಅದು ಬೆಳಗಿನ ಹಾಡು. ಹೊತ್ತು ಮೂಡಿತು, ಹಾಸಿಗೆ ಬಿಟ್ಟು ಏಳಿರಿ ಎಂದು ಮಕ್ಕಳನ್ನು ಎಬ್ಬಿಸುವ ಹಾಡು. ತೆರೆದ ಪೆಟ್ಟಿಗೆಯ ಮುಂದೆ ಅರವತ್ತು ಜನ ನಿಂತು ಅದನ್ನು ಹಾಡಿದರೆ ಹೇಗಿರುತ್ತದೆ? ಕಮಲಾಕ್ಷಿಯ ಗಂಡ ಶ್ರೀಧರ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಅದು ಕೆಮ್ಮಾಗಿರಲಿಲ್ಲ.

ಗ್ಲೋರಿಯಾ ಕಿವಿ ಕೆಂಪಾಗಿ, ಕಣ್ಣು ತುಂಬಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು.

ರೋಸಿಗೆ ಆ ನಗು ಕೇಳಿಸಿತು. ಅವನು ಆರಿಸಿದ ಕ್ರಮಕ್ಕೆ ಒಂದು ಹಾಲಿನ ಜನ ನಗುತ್ತಿದ್ದರು. ಅವನು ನಿಂತ ಹಾಲಿನಲ್ಲಿ ಯಾರನ್ನೂ ನೋಡಿ ಯಾರೂ ನಗುವಂತಿರಲಿಲ್ಲ. ಈಗ ಅವನ ಮಗಳನ್ನು ನೋಡಿ ನಗುತ್ತಿದ್ದಾರೆ, ಅವನನ್ನು ನೋಡಿಯೂ. ಅದಕ್ಕೆ ಕಾರಣ ತಾನು. ಅವಳು ಮುಂದಿನ ಬೆಂಚು ಹಿಡಿದು ಎದ್ದಳು.

"ಗ್ಲೋರಿಯಾ, ನಿಲ್ಲಿಸು. ಇದು ಹಾಡಿನ ಪುಸ್ತಕದ ನಂಬರಲ್ಲ."

ಕೀಬೋರ್ಡು ನಿಂತಿತು. ಗ್ಲೋರಿಯಾ ಬಂದು ತಾಯಿಯ ತೋಳು ಹಿಡಿದಳು. "ಅಮ್ಮ, ಕೂತ್ಕೋ. ಸುಸ್ತಾಗಿದೆ ನಿನಗೆ."

"ಸುಸ್ತು ಎಂತದೂ ಇಲ್ಲ. ಇದು ನಿನ್ನ ಅಪ್ಪನ ಬ್ಯಾಂಡಿನ ನಂಬರು. ಡಾನ್ಸ್ ಬ್ಯಾಂಡ್. ಹನ್ನೊಂದು ಜನ ಇದ್ರು. ಲೀಡರ್ ಅವರು." ಅವಳು ಪೆಟ್ಟಿಗೆಯತ್ತ ಕೈ ತೋರಿಸಿದಳು. "ಹದಿಮೂರು ವರ್ಷ ನಡೆಸಿದ್ರು. ಬೆಂಗಳೂರು, ಊಟಿ, ಚಿನ್ನದ ಗಣಿ, ಎಲ್ಲ ಕಡೆ ಕರೀತಿದ್ರು. ನನ್ನ ಅಪ್ಪ ಉಪದೇಶಿ. ಹೆಣ್ಣು ಕೊಡ್ಬೇಕಾದ್ರೆ ಬ್ಯಾಂಡು ಬಿಡ್ಬೇಕು, ಸಭೆಯ ಮುಂದೆ ನಿಂತು ತಪ್ಪೊಪ್ಪಿಗೆ ಮಾಡ್ಬೇಕು ಅಂದ್ರು. ಇವರು ನನ್ನ ಕೇಳಿದ್ರು, ನೀನು ಎಂತ ಹೇಳ್ತಿ ಅಂತ. ನಾನು ಅಪ್ಪ ಹೇಳಿದ ಹಾಗೇ ಮಾಡಿ ಅಂದೆ. ಮಾಡಿದ್ರು. ಆಮೇಲೆ ಬ್ಯಾಂಡ್ ಅನ್ನುವ ಮಾತು ಈ ಮನೆಗೆ ಬರಬಾರದು ಅಂತ ಹೇಳಿದ್ದು ನನ್ನ ಅಪ್ಪ ಅಲ್ಲ. ನಾನು. ಒಂದು ದಿನವೂ ಮಾತೆತ್ತಲಿಲ್ಲ ಅವರು."

ಪಾಸ್ಟರ್ ಗೀತಪುಸ್ತಕವನ್ನು ಮುಚ್ಚಿದರು.

"ನಂಬರು ಹೇಳುವಾಗ ನೀನು ಅಲ್ಲೇ ಕೂತಿದ್ದೆ," ಎಂದಳು ಗ್ಲೋರಿಯಾ. "ಹತ್ತು ದಿನ ಇತ್ತಲ್ಲ ಅಮ್ಮ. ಒಂದು ಮಾತು ಹೇಳ್ಬಹುದಿತ್ತು."

"ಅರವತ್ತೈದು ವರ್ಷ ಇತ್ತು," ಎಂದಳು ರೋಸಿ.

ಗ್ಲೋರಿಯಾ ಧೊಪ್ಪನೆ ಬೆಂಚಿನ ಮೇಲೆ ಕೂತಳು. ಚೀಟಿ ಅವಳ ಕೈಯಲ್ಲಿ ಮುದುಡಿ ಹೋಗಿತ್ತು. ಅಪ್ಪನ ಒಂದೇ ಒಂದು ಕೋರಿಕೆ, ಅದೂ ತನ್ನಿಂದ ಕೆಟ್ಟಿತು ಎಂದು ಅವಳ ಮುಖದಲ್ಲೇ ಬರೆದಿತ್ತು. "ಇನ್ನೆಂತ ಮಾಡುವುದು," ಎಂದಳು ಸಣ್ಣ ದನಿಯಲ್ಲಿ. "ಆ ಹಾಡು ಯಾರಿಗೆ ಬರ್ತದೆ?"

ಅಪೂರ್ವಾ ಕೀಬೋರ್ಡಿನಿಂದ ತಲೆ ಎತ್ತಿದಳು. "ಹಮ್ ಮಾಡು ಅಜ್ಜಿ," ಎಂದಳು. ಅವಳು ಆಡಿದ ಕನ್ನಡ ಅಷ್ಟೇ.

ರೋಸಿ ನಡೆದುಹೋಗಿ ಮೊಮ್ಮಗಳ ಪಕ್ಕ ನಿಂತು ಕಣ್ಣು ಮುಚ್ಚಿದಳು. ಅವಳ ಗಂಟಲು ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಆದರೆ ಹನ್ನೆರಡನೇ ನಂಬರು ಅವಳೊಳಗೆ ಒಂದು ಎಳೆಯೂ ಬಿಡದೆ ಹಾಗೇ ಇತ್ತು. ಅಪೂರ್ವಾ ಮೊದಲು ಒಂದೇ ಬೆರಳಲ್ಲಿ ಹಿಂಬಾಲಿಸಿದಳು, ಆಮೇಲೆ ಬಲಗೈ ಪೂರ್ತಿ, ಆಮೇಲೆ ಎಡಗೈಯೂ ಸೇರಿತು.

"ಇಷ್ಟು ಬೇಗ ಅಲ್ಲ. ಇದು ಕುಣಿಯಲಿಕ್ಕೆ ಬಾರದವರಿಗೆ. ನಡೆದ ಹಾಗೆ ಇರ್ಬೇಕು."

ಅಪೂರ್ವಾ ನಿಧಾನಿಸಿದಳು. ಮೊದಲು ಅಲುಗಿದ್ದು ಪಾಸ್ಟರ ಬಲಗಾಲಿನ ಬೂಟು. ಅವರು ಅದನ್ನು ನೋಡಿಕೊಂಡರು, ನಿಲ್ಲಿಸಲಿಲ್ಲ. ನಲವತ್ತನೇ ನಂಬರು ಬಂದಾಗ ಜನರ ಹೆಗಲುಗಳ ಬಿಗಿ ಸಡಿಲಿತು. ಇಪ್ಪತ್ತೇಳರಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು, ಈ ಸಲ ಅಚ್ಚರಿಯಿಂದ. ಅರವತ್ತಮೂರು ಚುರುಕಿನದು, ಅದಕ್ಕೆ ಶ್ರೀಧರ ಕರವಸ್ತ್ರ ಇಲ್ಲದೇ ಧಾರಾಳವಾಗಿ ನಕ್ಕ, ಅವನ ಪಕ್ಕದವರೂ ನಕ್ಕರು, ಆ ನಗುವಿನಲ್ಲಿ ಯಾರನ್ನೂ ಚುಚ್ಚುವುದು ಇರಲಿಲ್ಲ. ಆಮೇಲೆ ಎಂಟು. ಅದು ತೀರ ನಿಧಾನದ್ದು. ಅದು ಶುರುವಾಗಿ ಅರ್ಧ ನಿಮಿಷಕ್ಕೆ ಕಮಲಾಕ್ಷಿ ಹತ್ತು ವರ್ಷದ ಹಿಂದೆ ತೀರಿಹೋದ ತನ್ನ ತಾಯಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಹೊತ್ತು ಕೈಕಟ್ಟಿ ಕೂತಿದ್ದ ಪ್ರತಾಪ್ ಕನ್ನಡಕ ತೆಗೆದ. ಐವತ್ತೈದು ಎಲ್ಲರನ್ನೂ ಮೆಲ್ಲಗೆ ಕೈಹಿಡಿದು ಎಬ್ಬಿಸಿತು. ತಲೆಗಳು ಮೇಲೆದ್ದವು, ಯಾರೋ ಮೂಗು ಒರೆಸಿಕೊಂಡರು.

ಗ್ಲೋರಿಯಾಗೆ ಆಗ ಹೊಳೆಯಿತು. ಅಪ್ಪ ಹೇಳಿದ ಕ್ರಮ ಇದೇ. ನಾಚುವವರನ್ನು ಮೊದಲು ಎಬ್ಬಿಸಬೇಕು, ಆಮೇಲೆ ನಂಬಿಸಬೇಕು, ನಗಿಸಬೇಕು, ನಗಿಸಿದ ಮೇಲೆಯೇ ಅಳಿಸಬೇಕು, ಅತ್ತವರನ್ನು ಹಾಗೇ ಬಿಟ್ಟು ಹೋಗಬಾರದು. ಮಂಗಳವಾರ ಸತ್ತ ಮನುಷ್ಯ ಶನಿವಾರ ಪೆಟ್ಟಿಗೆಯಲ್ಲಿ ಮಲಗಿ ಅರವತ್ತು ಜನರನ್ನು ನಡೆಸುತ್ತಿದ್ದ. ಅವಳು ಎದ್ದು ಹೋಗಿ ಪೆಟ್ಟಿಗೆಯೊಳಗಿನ ಆ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದಳು. ಅವಳಿಗೆ ಒಂದು ಥರದ ಭಯವೂ ಆಯಿತು, ಹೆಮ್ಮೆಯೂ ಆಯಿತು. ಇಷ್ಟು ದೊಡ್ಡವನು ದಿನಾ ತನ್ನ ಮನೆಯ ಪಾತ್ರೆ ತೊಳೆದಿಡುತ್ತಿದ್ದನಲ್ಲ ಎಂದುಕೊಂಡಳು.

"ಇನ್ನೊಂದು ಉಂಟು," ಎಂದಳು ತಿರುಗಿ. "ಮೂವತ್ತೊಂದು. ಅಮ್ಮ, ಮೂವತ್ತೊಂದು."

ಅಪೂರ್ವಾ ಕೀಲಿಗಳ ಮೇಲೆ ಕೈ ಎತ್ತಿ ಅಜ್ಜಿಯನ್ನು ನೋಡಿದಳು. ರೋಸಿ ಅಡ್ಡಡ್ಡ ತಲೆಯಾಡಿಸಿದಳು.

"ಅದು ನನಗೆ ಗೊತ್ತಿಲ್ಲ," ಎಂದಳು. "ಅದು ಯಾವಾಗಲೂ ಕಡೆಯದು. ಆರಕ್ಕೆ ನುಡಿಸ್ತಿದ್ರು. ಆರಕ್ಕೆ ನಾವು ವಾರ್ಡಿನಲ್ಲಿರ್ಬೇಕು. ಹತ್ತು ನಿಮಿಷ ಮುಂಚೆ ಲಾರಿ ಹಾರ್ನ್ ಹೊಡೀತಿತ್ತು. ಎಲ್ಲ ಕೇಳಿದ್ದೇನೆ, ಅದೊಂದು ಕೇಳಲಿಲ್ಲ. ಅದು ಅವರೇ ಕಟ್ಟಿದ್ದು."

* * *

ಸಾವಿರದ ಒಂಬೈನೂರ ನಲವತ್ತೆಂಟು. ತಪ್ಪೊಪ್ಪಿಗೆಯ ಹಿಂದಿನ ದಿನ, ಮಧ್ಯಾಹ್ನ. ಫೆಲಿಕ್ಸ್ ರೋಸಿಯ ಮನೆಯ ಅಂಗಳಕ್ಕೆ ಬಂದ. ಕೈಯಲ್ಲಿ ಕಾರ್ನೆಟ್ಟಿನ ಪೆಟ್ಟಿಗೆ. ಬ್ಯಾಂಡಿನ ನಂಬರುಗಳನ್ನು ಬರೆದಿದ್ದ ಹಾಳೆಗಳನ್ನು ಅವನು ಆಗಲೇ ತನ್ನ ಸ್ಯಾಕ್ಸೋಫೋನಿನವನಿಗೆ ಕೊಟ್ಟಿದ್ದ. ಆತ ಅವನ್ನೆಲ್ಲ ತೆಗೆದುಕೊಂಡು ಹಡಗು ಹತ್ತಿಯಾಗಿತ್ತು.

"ರೋಸಿ, ನಾಳೆಯಿಂದ ಇದನ್ನು ಮುಟ್ಟುವುದಿಲ್ಲ," ಎಂದ. "ನೀನು ಕಡೆಯದು ಕೇಳ್ಲೇ ಇಲ್ಲ. ಒಂದು ಸಲ ನುಡಿಸಿ ಬಿಡ್ತೇನೆ. ಮೂರು ನಿಮಿಷ."

ರೋಸಿ ಬಾಗಿಲಿನತ್ತ ನೋಡಿದಳು. ಕೇಳಬೇಕೆಂದು ಅವಳಿಗೆ ಜೀವ ಹಾತೊರೆಯುತ್ತಿತ್ತು.

"ಬೇಡ," ಎಂದಳು. "ಅಪ್ಪ ಒಳಗಿದ್ದಾರೆ."

"ಆಯ್ತು," ಎಂದ ಫೆಲಿಕ್ಸ್. ಪೆಟ್ಟಿಗೆಯನ್ನು ತೆರೆಯಲೇ ಇಲ್ಲ.

* * *

"ಹಾಗಾದ್ರೆ ಮುಕ್ತಾಯದ ಪ್ರಾರ್ಥನೆ ಮಾಡೋಣ್ವಾ?" ಎಂದು ಪಾಸ್ಟರ್ ಮೆಲ್ಲಗೆ ಕೇಳಿದರು. ಇಸ್ಸಾಕ್ವಾದ ಆಚೆಯ ಗುಡ್ಡದ ಸ್ಮಶಾನದಲ್ಲಿ ಒಂದು ಗಂಟೆಗೆ ಹೊತ್ತು ಗೊತ್ತುಪಡಿಸಿದ್ದರು. ಕರಿ ಸೂಟಿನ ಇಬ್ಬರು ಅಮೆರಿಕನ್ನರು ಗಾಲಿಬಂಡಿಯ ಪಕ್ಕ ಕಾಯುತ್ತಿದ್ದರು.

"ಇಲ್ಲ," ಎಂದಳು ಗ್ಲೋರಿಯಾ. "ಏಳು ಅಂದಿದ್ದಾರೆ. ಕ್ರಮ ತಪ್ಪಬಾರದು ಅಂದಿದ್ದಾರೆ." ಮೊದಲ ಬಾರಿಗೆ ಅವಳ ಹಟ ಅಲ್ಲಿದ್ದ ಯಾರಿಗೂ ಹಟವೆನಿಸಲಿಲ್ಲ. ಅವಳು ಸಭೆಯ ಕಡೆ ತಿರುಗಿ, ಮುದುಡಿದ ಚೀಟಿಯನ್ನು ಬಿಡಿಸಿ, ಕಡೆಯ ನಂಬರನ್ನು ಓದಿದಳು. "ಮೂವತ್ತೊಂದು."

ಯಾರೂ ಹೇಳದೆಯೇ ಎಲ್ಲರೂ ಎದ್ದು ನಿಂತರು. ಅಪೂರ್ವಾ ಎತ್ತಿದ ಕೈಗಳನ್ನು ಇಳಿಸಲಿಲ್ಲ, ಕೀಲಿಗಳನ್ನು ಮುಟ್ಟಲೂ ಇಲ್ಲ. ಹೀಟರಿನ ಸದ್ದು ಕೇಳಿಸುತ್ತಿತ್ತು, ಹೊರಗೆ ಹೆದ್ದಾರಿಯ ಸದ್ದು. ಯಾರದೋ ಫೋನು ಜೇಬಿನಲ್ಲಿ ಗುಂಯ್‌ಗುಟ್ಟಿ ಸುಮ್ಮನಾಯಿತು. ಕರಿ ಸೂಟಿನವರಿಗೆ ಏನೆಂದು ಗೊತ್ತಿರಲಿಲ್ಲ. ಅವರೂ ಕೈಕಟ್ಟಿ ತಲೆ ತಗ್ಗಿಸಿದರು.

ಒಂದು ನಿಮಿಷವಾಯಿತು, ಎರಡಾಯಿತು. ಮೂರು ದಾಟಿದ ಮೇಲೆ, ಪಾಸ್ಟರ್ ಪ್ರಾರ್ಥನೆಯ ಮಾತೆತ್ತಿದಾಗಲೇ ಕಾರು ತರಲು ಹೋಗಿದ್ದ ಪ್ರತಾಪ್ ಅದನ್ನು ಬಾಗಿಲಿಗೆ ನಿಲ್ಲಿಸಿ ಒಳಗೆ ಬಂದ. ರೋಸಿ ಪೆಟ್ಟಿಗೆಯ ಅಂಚಿಗೆ ಒಂದು ಕೈ ಊರಿ ನಿಂತಿದ್ದಳು.

"ಮಾಮಿ, ಹೊತ್ತಾಯ್ತು. ಹೊರಡುವ?"

ರೋಸಿ ತಿರುಗಲಿಲ್ಲ. ಎರಡೂ ಕಿವಿಯ ಯಂತ್ರಗಳನ್ನು ಅವಳು ಬಿಚ್ಚಿ ಇನ್ನೊಂದು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. ತಲೆಯನ್ನು ಪೆಟ್ಟಿಗೆಯ ಕಡೆಗೆ ಸ್ವಲ್ಪ ವಾಲಿಸಿ ಕೇಳುತ್ತಿದ್ದಳು.